ಪಾದದ ಕಡೆಯಿಂದ

ಮೇಜಿನ ಮೇಲೆ ತೆರೆದಿಟ್ಟ ದೊಡ್ಡ ಪುಸ್ತಕದಲ್ಲಿ ಆ ಪಾದಗಳನ್ನು ಕಂಡ ಕೂಡಲೇ ಪ್ರಗತಿಗೆ ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು. ಆದರೆ ಎದುರಿಗೆ ಎಸ್ಪೆರಾನ್ಸಾ ಟೀಚರ್ ಕೂತಿದ್ದರು, ಪಕ್ಕದಲ್ಲಿ ದೀಕ್ಷಾ ಪೆನ್ನಿನ ತುದಿ ಕಚ್ಚುತ್ತ ತನ್ನ ಸರದಿಗೆ ಕಾಯುತ್ತಿದ್ದಳು, ಇಬ್ಬರನ್ನೂ ದಾಟದೆ ಕಾಜುಬಾಗದ ಆ ಇಕ್ಕಟ್ಟಿನ ಹಜಾರದಿಂದ ಹೊರಗೆ ಬೀಳಲು ದಾರಿಯಿರಲಿಲ್ಲ. ಚಿತ್ರದಲ್ಲಿ ಕಲ್ಲಿನ ಹಾಸಿನ ಮೇಲೆ ಒಬ್ಬ ಗಂಡಸನ್ನು ಅಂಗಾತ ಮಲಗಿಸಿದ್ದರು. ಬರೆದವನು ಅವನ ಕಾಲ ಬುಡದಲ್ಲಿ ನಿಂತುಕೊಂಡೇ ಬರೆದಿದ್ದ. ಮೊದಲು ಅಂಗಾಲು, ಅದರ ನಡುವೆ ಮೊಳೆ ಹೊಡೆದ ಒಣ ತೂತು, ಆಮೇಲೆ ಸೊಂಟಕ್ಕೆ ಸುತ್ತಿದ ಬಟ್ಟೆಯ ನೆರಿಗೆ, ಎದೆ, ಎಲ್ಲ ದಾಟಿ ತೀರ ಹಿಂದೆ, ಯಾರಿಗೂ ಬೇಡವಾದದ್ದರ ಹಾಗೆ, ಮುಖ. ಮೂಲೆಯಲ್ಲಿ ಇಬ್ಬರು ಮುದುಕಿಯರು ಅಳುತ್ತಿದ್ದರು. ಅವರಿಗೆ ಜಾಗ ಸಾಲದೆ ಅರ್ಧರ್ಧ ಮುಖ ಮಾತ್ರ ಚಿತ್ರದೊಳಗೆ ಬಂದಿತ್ತು.

"ಕೋಸಾ ವೇದಿ?" ಎಂದರು ಟೀಚರ್. ಏನು ಕಾಣ್ತದೆ? ಮಳೆಗಾಲ ಮುಗಿದಂದಿನಿಂದ ಪ್ರತಿಯೊಂದು ಚಿತ್ರಕ್ಕೂ ಇದೇ ಪ್ರಶ್ನೆ. ಉತ್ತರ 'ವೇದೊ' ಎಂದೇ ಶುರುವಾಗಬೇಕು. ನನಗೆ ಕಾಣುತ್ತಿದೆ. ಪ್ರಗತಿ 'ವೇದೊ' ಎಂದಳು. ಮುಂದಿನ ಶಬ್ದ ಬರಲಿಲ್ಲ. ಪಾದ ಎಂಬುದಕ್ಕೆ ಇಟಾಲಿಯನ್ ಮಾತು ಅವಳಿಗೆ ಗೊತ್ತಿತ್ತು. ದೇಹದ ಭಾಗಗಳೆಲ್ಲ ಮೊದಲ ವಾರದಲ್ಲೇ ಬಾಯಿಪಾಠವಾಗಿದ್ದವು, ನರ್ಸಿಗೆ ಅದೇ ಮೊದಲ ಪಾಠ. ಈಗ ಅದು ಗಂಟಲಿನ ಹತ್ತಿರ ಬಂದು, ಬಾಗಿಲು ಹಾಕಿದ ಮನೆ ಎದುರು ನಿಂತ ನೆಂಟನ ಹಾಗೆ ನಿಂತುಬಿಟ್ಟಿತು. ದೀಕ್ಷಾ ಗಡಿಯಾರ ನೋಡಿದಳು. ಪ್ರಗತಿ ಮತ್ತೊಮ್ಮೆ 'ವೇದೊ' ಎಂದಳು, ಮತ್ತು ತನ್ನ ಕಣ್ಣು ಪುಸ್ತಕದ ಮೇಲಿಲ್ಲ, ಪುಸ್ತಕದಾಚೆ ಟೀಚರರ ಕುತ್ತಿಗೆಯ ಸರದ ಮೇಲಿದೆ ಎಂಬುದು ಅವಳಿಗೇ ಗೊತ್ತಾಯಿತು.

"ಚಿತ್ರ ನೋಡು ಬಾಯ್. ನನ್ನನ್ನಲ್ಲ."

ಎಸ್ಪೆರಾನ್ಸಾ ಟೀಚರಿಗೆ ಎಪ್ಪತ್ತು ದಾಟಿತ್ತು. ಹುಡುಗಿಯರನ್ನೆಲ್ಲ ಕೊಂಕಣಿಯಲ್ಲಿ 'ಬಾಯ್' ಎಂದೇ ಕರೆಯುತ್ತಿದ್ದರು. ಹುಡುಗಿಯಾಗಿದ್ದಾಗ ಕಾನ್ವೆಂಟು ಸೇರಿ, ವ್ರತ ತೆಗೆದುಕೊಳ್ಳುವ ಮೊದಲೇ ಬಿಟ್ಟು ಬಂದು, ಆಮೇಲೆ ಅದೇ ಸಿಸ್ಟರುಗಳ ಪರಿಚಯದಿಂದ ಇಟಲಿಗೆ ಹೋಗಿ, ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ತಲೆ ಬೆಳ್ಳಗಾಗುವ ತನಕ ದುಡಿದು ಕಾರವಾರಕ್ಕೆ ಮರಳಿದ್ದರು. ಈಗ ಪ್ರಗತಿ ಮತ್ತು ದೀಕ್ಷಾ ಹೋಗುತ್ತಿದ್ದದ್ದೂ ಅಂಥದೇ ಒಂದು ಜಾಗಕ್ಕೆ. ಭಾಷೆಯ ಪರೀಕ್ಷೆ ಪಾಸಾಗಿತ್ತು, ವೀಸಾ ಬಂದಿತ್ತು, ಭಾನುವಾರ ಗೋವಾದಿಂದ ವಿಮಾನ. ಆದರೂ ಟೀಚರ್ ಪಾಠ ಬಿಟ್ಟಿರಲಿಲ್ಲ. ಆ ಮುದುಕ ಮುದುಕಿಯರು ಹುಟ್ಟಿದಾಗಿನಿಂದ ಈ ಚಿತ್ರಗಳ ಕೆಳಗೇ ಮಂಡಿಯೂರಿದವರು, ಎಲ್ಲ ಮರೆತರೂ ಇವನ್ನು ಮರೆತಿರುವುದಿಲ್ಲ, ಔಷಧಿ ಕುಡಿಸುವಾಗ ಮಾತಾಡಲು ನಿಮಗೆ ಸಿಗುವುದು ಇದೊಂದೇ ಎಂದು ಅವರ ವಾದ. ಶುರುವಿನಲ್ಲಿ ಪ್ರಗತಿಗೆ ಎಲ್ಲವೂ ಒಂದೇ ತರಹ ಕಂಡಿತ್ತು. ಬಂಗಾರದ ಹಿನ್ನೆಲೆ, ಆಕಾಶವೇ ಇಲ್ಲ, ಎಲ್ಲರ ತಲೆಯ ಹಿಂದೂ ಒಂದೊಂದು ಹಿತ್ತಾಳೆ ಹರಿವಾಣ. "ಈ ತಾಟು ಎಂತಕ್ಕೆ ಟೀಚರ್, ಬಿದ್ದುಹೋಗೂದಿಲ್ವಾ?" ಎಂದು ಕೇಳಿದ್ದಳು, ನಿಜವಾಗಿಯೇ ತಿಳಿಯದೆ. ದೀಕ್ಷಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಿದ್ದಳು. ದೀಕ್ಷಾಳ ಅಪ್ಪ ಕೈಗಾದಲ್ಲಿ ಎಂಜಿನಿಯರು. ಟೌನ್‌ಶಿಪ್ಪಿನ ಶಾಲೆಯಲ್ಲಿ ಓದಿದವಳು, ಇಂಥ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿದವಳು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು, ಅಷ್ಟೂ ಸಿಗಲಿಲ್ಲವಲ್ಲ ಎಂದು ಪ್ರಗತಿ ಅವತ್ತು ಬಸ್ಸಿನುದ್ದಕ್ಕೂ ಕಿವಿ ಬಿಸಿ ಮಾಡಿಕೊಂಡು ಕೂತಿದ್ದಳು.

ದಿನ ಕಳೆದ ಹಾಗೆ ಚಿತ್ರಗಳು ಬೇರೆಬೇರೆಯಾಗತೊಡಗಿದವು, ಮತ್ತು ಬೇರೆಯಾದಷ್ಟೂ ಅವಳ ನೆಮ್ಮದಿ ಕೆಟ್ಟಿತು. ಸಂತರೆಲ್ಲ ತಮ್ಮನ್ನು ಕೊಂದ ವಸ್ತುವನ್ನೇ ಕೈಯಲ್ಲಿ ಹಿಡಿದು ನಿಂತಿದ್ದರು. ಒಬ್ಬಳ ಪಕ್ಕದಲ್ಲಿ ಮುಳ್ಳಿನ ಚಕ್ರ, ಒಬ್ಬನ ಕೈಯಲ್ಲಿ ಅವನನ್ನು ಸುಟ್ಟ ಕಬ್ಬಿಣದ ಜಾಲರಿ, ಒಬ್ಬಳು ತನ್ನ ಎರಡೂ ಕಣ್ಣುಗಳನ್ನು ಬಟ್ಟಲಿನಲ್ಲಿಟ್ಟುಕೊಂಡು ಅರಿಶಿನ ಕುಂಕುಮಕ್ಕೆ ಬಂದವಳ ಹಾಗೆ ನಿಂತಿದ್ದಳು, ಇನ್ನೊಬ್ಬ ತನ್ನದೇ ಸುಲಿದ ಚರ್ಮವನ್ನು ರೇನ್‌ಕೋಟಿನಂತೆ ಮೊಣಕೈಗೆ ಹಾಕಿಕೊಂಡಿದ್ದ. ಯಾರ ಮುಖದಲ್ಲೂ ದೂರಿಲ್ಲ. ಹಾಗಾದರೆ ತನ್ನ ಅಣ್ಣ ಕಿಶನ ಏನು ಹಿಡಿದು ನಿಲ್ಲಬೇಕು? ಬಲೆಯ ಹಗ್ಗವೋ, ಮಗುಚಿದ ದೋಣಿಯ ಹಲಗೆಯೋ? ಈ ಯೋಚನೆ ಬಂದದ್ದೇ ತಪ್ಪು ಎನ್ನಿಸಿ ಅವಳು ಅವತ್ತು ಮನೆಗೆ ಬಂದು ಅಣ್ಣನ ಫೋಟೋ ಎದುರು ದೀಪದ ಬತ್ತಿ ಸರಿಮಾಡಿದ್ದಳು. ದೇವದೂತ ಬಂದು ಹುಡುಗಿಗೆ ಸುದ್ದಿ ಹೇಳುವ ಚಿತ್ರವೂ ಅಷ್ಟೆ. ಟೀಚರ್ ಅದನ್ನು ಶುಭವಾರ್ತೆ ಎನ್ನುತ್ತಿದ್ದರು. ಆದರೆ ಆ ಹುಡುಗಿ ಎದೆಗೆ ಸೆರಗೆಳೆದುಕೊಂಡು ಹಿಂದೆ ಸರಿದ ರೀತಿ ಪ್ರಗತಿಗೆ ಚೆನ್ನಾಗಿ ಗೊತ್ತಿದ್ದದ್ದು. ಐಸಿಯು ಬಾಗಿಲಲ್ಲಿ ನಿಂತು ಅವಳು ಪೇಷೆಂಟಿನ ಹೆಸರು ಕೂಗಿದಾಗ ಬೆಂಚಿನಿಂದ ಏಳುವ ಹೆಂಗಸರು ಹಾಗೇ ಸೆರಗೆಳೆದುಕೊಳ್ಳುತ್ತಿದ್ದರು. ಅವರ ಕಣ್ಣಿಗೆ ತಾನೂ ರೆಕ್ಕೆಯವಳೇ ಆಗಿ ಕಾಣಿಸುತ್ತಿದ್ದೆನೇನೋ.

"ಆಯ್ತು. ದೀಕ್ಷಾ, ನೀನು ಹೇಳು" ಎಂದರು ಟೀಚರ್.

ದೀಕ್ಷಾ ನಿರರ್ಗಳವಾಗಿ ಹೇಳಿದಳು. ಕಲ್ಲು, ಬಟ್ಟೆ, ಎಡಗಡೆಯಿಂದ ಬೀಳುವ ಬೆಳಕು, ಅಳುವ ತಾಯಿ. ಕಾಲಿನ ಕಡೆಯಿಂದ ನೋಡಿದ್ದರಿಂದ ಮೈ ಗಿಡ್ಡವಾಗಿದೆ, ಅದೊಂದು ಚಮತ್ಕಾರ, ಎಂದೂ ಸೇರಿಸಿದಳು. ಟೀಚರ್ ತಲೆಯಾಡಿಸುತ್ತಿದ್ದರು. ಪ್ರಗತಿಗೆ ಕೇಳಿಸಿದ್ದು ಬೇರೆಯೇ ದನಿ. ನೀವು ನರ್ಸಲ್ವಾ ಅಮ್ಮಾ, ನೋಡಿ ಹೇಳಿ, ಹೌದೋ ಅಲ್ವೋ. ಎರಡು ವರ್ಷದ ಹಿಂದಿನ ಪೊಲೀಸಿನವನ ದನಿ ಅದು, ಗಡುಸಲ್ಲ, ಬೆಳಗಿನಿಂದ ಚಹಾ ಕುಡಿಯದ ಮನುಷ್ಯನ ದನಿ. ದೋಣಿ ಮಗುಚಿ ಮೂರನೆಯ ದಿನಕ್ಕೆ ಹೆಣ ಮಾಜಾಳಿಯ ಕಡೆ ದಂಡೆಗೆ ಬಂದಿತ್ತಂತೆ. ಸೋದರಮಾವ ಕುಪ್ಪ ಅವಳ ಜೊತೆ ಶವಾಗಾರದ ಬಾಗಿಲವರೆಗೆ ಬಂದವನು ಅಲ್ಲೇ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕುಕ್ಕರಿಸಿದ್ದ. "ನೀ ಹೋಗು ಮಗಾ, ನಿನ್ಗೆ ರೂಢಿ ಅದೆ" ಎಂದಿದ್ದ. ರೂಢಿ. ಒಳಗಿನ ಕೆಲಸದವನು ಬಟ್ಟೆಯನ್ನು ಕಾಲಿನ ಕಡೆಯಿಂದ ಎತ್ತಿದ. ನೆನೆದು ಬಿಳಿಚಿ ಸುಕ್ಕಾದ ಅಂಗಾಲುಗಳು ಅವಳ ಕಡೆಗೇ ತಿರುಗಿದ್ದವು, ಬಲಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿಕೊಂಡಿತ್ತು, ಹುಟ್ಟಿದಾಗಿನಿಂದ ಹಾಗೇ ಇದ್ದದ್ದು, ಅದಕ್ಕೆ ಸರಿಯಾದ ಚಪ್ಪಲಿ ಸಿಗದೆ ಅವನು ಬರಿಗಾಲಲ್ಲೇ ಊರೆಲ್ಲ ತಿರುಗುತ್ತಿದ್ದದ್ದು. ಮುಖದ ಕಡೆ ತೆಗೀಲಾ? ಎಂದು ಕೆಲಸದವನು ಕೇಳಿದ. ಬೇಡ, ಎಂದಳು. ಹೌದು, ನಮ್ಮಣ್ಣನೇ. ಆಮೇಲೆ ವಾರ್ಡಿನಲ್ಲಿ ಆಯಾಗಳಿಗೆ ಹೇಳುವ ದನಿಯಲ್ಲಿ, ಪೂರ್ತಿ ಕಟ್ಟಿಬಿಡಿ, ಎಲ್ಲೂ ಬಿಚ್ಚಿಕೊಳ್ಳಬಾರದು, ಎಂದಳು. ದಿನವೂ ಯಾರ್‍ಯಾರದೋ ಹುಣ್ಣು ತೊಳೆದು, ಯಾರ್‍ಯಾರದೋ ಕಣ್ಣು ಮುಚ್ಚಿಸಿ ಬರುವವಳು, ಒಡಹುಟ್ಟಿದವನ ಮುಖದ ತನಕ ನಾಲ್ಕು ಹೆಜ್ಜೆ ಹೋಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಪ್ರಾಯಶಃ ಅವಳು ಅದನ್ನು ಎಲ್ಲಾದರೂ ಮಡಚಿ ಇಟ್ಟುಬಿಡುತ್ತಿದ್ದಳು. ಕೇಣಿಯ ಮನೆ ಅಂಗಳದಲ್ಲಿ ಗಂಟನ್ನು ಇಳಿಸಿದಾಗ ಅವಳ ತಾಯಿ ನಾಗಿ ಓಡಿ ಬಂದು ಹಗ್ಗಕ್ಕೆ ಕೈಹಾಕಿದಳು. "ಪೊಲೀಸರು ಬಿಚ್ಚೂಕೆ ಬಿಡೂದಿಲ್ಲ ಆಯಿ" ಎಂದಳು ಪ್ರಗತಿ. ಸುಳ್ಳು. ಯಾವ ಪೊಲೀಸನೂ ಹಾಗೆ ಹೇಳಿರಲಿಲ್ಲ. ನಾಗಿ ಒಂದು ಗಳಿಗೆ ಮಗಳ ಮುಖ ನೋಡಿದಳು. ಆಮೇಲೆ ಗಂಟಿನ ಕಡಲ ಬದಿಯ ತುದಿಗೆ ಹೋಗಿ ಕೂತು, ಬಿಳಿ ಬಟ್ಟೆಯ ಆ ತುದಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಸವರತೊಡಗಿದಳು, ಅದಕ್ಕೆ ಬಾಗಿ ಏನೇನೋ ಹೇಳಿದಳು, ಕೆನ್ನೆಯೊತ್ತಿದಳು. ಅದು ಕಾಲಿನ ತುದಿಯಾಗಿತ್ತು. ಗಂಟು ಕಟ್ಟಿಸಿದವಳು ತಾನು, ಆಂಬುಲೆನ್ಸಿಗೆ ಏರಿಸಿದವಳು ತಾನು, ತಲೆ ಯಾವ ಕಡೆಯಿದೆ ಎಂದು ಆ ಅಂಗಳದಲ್ಲಿ ಸರಿಯಾಗಿ ಗೊತ್ತಿದ್ದವಳು ತಾನೊಬ್ಬಳೇ. ಆಯಿ, ಆ ಬದಿ ಅಲ್ಲ, ಎನ್ನಲು ಬಾಯಿ ತೆರೆದಳು. ಹೇಳಿದರೆ ಆ ಬದಿಗೆ ಹೋಗಿ ಬಿಚ್ಚುತ್ತಾಳೆ ಎಂದು ಮುಚ್ಚಿದಳು. ಅಷ್ಟು ಹೆಂಗಸರ ನಡುವೆ ತಾಯಿ ಮಗನ ಮುಖವೆಂದು ತಿಳಿದು ಅವನ ಪಾದಗಳನ್ನು ಮುದ್ದಿಸುತ್ತಿದ್ದಳು, ಮತ್ತು ಪ್ರಗತಿ ನೋಡುತ್ತ ನಿಂತಿದ್ದಳು. ಅಂದಿನಿಂದ ನಾಗಿ ಬೆಕ್ಕಿನ ಬೆನ್ನು ಸವರಿದರೂ, ಹಪ್ಪಳದ ಹಿಟ್ಟು ನಾದಿದರೂ ಪ್ರಗತಿಗೆ ಅವಳ ಅಂಗೈ ನೋಡಲಾಗುತ್ತಿರಲಿಲ್ಲ. ಇಟಲಿಯ ಮಾತು ಬಂದಾಗ, ಅಷ್ಟು ದೂರ ಯಾಕೆ ಮಾರಾಯ್ತಿ, ಎಂದು ಆಸ್ಪತ್ರೆಯ ಗೆಳತಿಯರು ಕೇಳಿದ್ದರು. ಸಂಬಳ, ಎಂದಿದ್ದಳು.

ಪಾಠ ಮುಗಿದ ಮೇಲೆ ದೀಕ್ಷಾಳನ್ನು ಕರೆದೊಯ್ಯಲು ಕಾರು ಬಂತು. "ಶಿರವಾಡದ ತನಕ ಬರ್ತ್ಯಾ, ಅಲ್ಲಿಂದ ಟ್ರೇನು ಸಿಗ್ಬಹುದು" ಎಂದು ಅವಳು ಕರೆದಳು. ಪ್ರಗತಿ ಬೇಡವೆಂದಳು. ಟೀಚರ್ ಪುಸ್ತಕ ಮುಚ್ಚದೆ, ಪುಟ ಹಾಗೇ ಇಟ್ಟುಕೊಂಡು, ಒಳಗಿನಿಂದ ಎರಡು ಲೋಟ ಕೋಕಮ್ಮಿನ ಪಾನಕ ತಂದರು.

"ತಲೆನೋವಾ?"

"ಹೌದು ಟೀಚರ್."

"ಸುಳ್ಳು." ಟೀಚರ್ ಸಿಟ್ಟಿನಿಂದ ಹೇಳಲಿಲ್ಲ. "ನಾನು ಮೊದಲು ಇಟಲಿಗೆ ಹೋದಾಗ ಅಲ್ಲಿಯ ಊಟದ ಕೋಣೆಯಲ್ಲಿ ಒಂದು ದೊಡ್ಡ ಚಿತ್ರ ಇತ್ತು. ಶಿಲುಬೆಯಿಂದ ಇಳಿಸೂದು. ಅದಕ್ಕೆ ಬೆನ್ನು ಹಾಕಿಯೇ ಊಟ ಮಾಡ್ತಿದ್ದೆ. ಒಂದಿನ ಒಬ್ಬಳು ಮುದುಕಿ ಕೇಳಿದ್ಳು, ನಿನ್ಗೆ ಅಂವನ ಮೇಲೆ ಸಿಟ್ಟಾ ಅಂತ."

"ನೀವು ಎಂತ ಹೇಳಿದ್ರಿ?"

"ಎಂತ ಹೇಳೂದು. ಕುರ್ಚಿ ತಿರುಗಿಸ್ದೆ." ಟೀಚರ್ ಪಾನಕ ಕುಡಿದರು. "ನಿನ್ನನ್ನ ನಾನು ಕೇಳೂದಿಲ್ಲ. ಆದ್ರೆ ಅಲ್ಲಿ ಇದು ಎಲ್ಲ ಗೋಡೆ ಮೇಲೂ ಇರ್ತದೆ ಬಾಯ್. ಎಷ್ಟು ಕಡೆ ಮುಖ ತಿರುಗಿಸ್ತೆ? ಬರೆದವನು ಎಷ್ಟು ದಿನ ನಿಂತು ನೋಡಿರ್ಬೇಕು, ಯೋಚನೆ ಮಾಡು. ನೋಡದೆ ಬರೂದಿಲ್ಲ ಅದು."

ಅವರು ಪುಸ್ತಕವನ್ನು ಹಳೆಯ ಸೀರೆ ತುಂಡಿನಲ್ಲಿ ಸುತ್ತಿ ಕೊಟ್ಟರು. ಶನಿವಾರ ತಂದುಕೊಡು, ಅಷ್ಟರಲ್ಲಿ ಒಂದಾದರೂ ಚಿತ್ರ ಪೂರ್ತಿ ನೋಡು, ಎಂದರು. ಪ್ರಗತಿ ಆಯ್ತು ಎಂದು ತೆಗೆದುಕೊಂಡಳು. ಗೇಟು ದಾಟಿದ ಮೇಲೆ ಅವಳಿಗೆ ವಿನಾಕಾರಣ ಸಿಟ್ಟು ಬಂತು. ಬರೆದವನು ನಿಂತು ನೋಡಿದನಂತೆ. ಅವನಿಗೆ ಅದು ಯಾರು? ತಮ್ಮನೋ ಅಣ್ಣನೋ? ದುಡ್ಡು ಕೊಟ್ಟು ಮಲಗಿಸಿದ ಯಾವನೋ ಇದ್ದಿರಬೇಕು, ಬೆನ್ನು ನೋಯುತ್ತದೆಂದು ನಡುನಡುವೆ ಎದ್ದು ಕೂರುತ್ತಿದ್ದಿರಬೇಕು.

ಅಂಕೋಲೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪುಸ್ತಕ ತೊಡೆಯ ಮೇಲೆ ಭಾರವಾಗಿತ್ತು. ಬಿಣಗಾದ ಸುರಂಗದೊಳಗೆ ಬಸ್ಸು ನುಗ್ಗಿದಾಗ ಕಿಟಕಿಯ ಗಾಜಿನಲ್ಲಿ ತನ್ನದೇ ಮುಖ ಮೂಡಿ, ಹೊರಬಂದ ಕೂಡಲೇ ಬಿಳಿ ಬಿಸಿಲಿನಲ್ಲಿ ಅಳಿಸಿಹೋಯಿತು. ಅಮದಳ್ಳಿಯಲ್ಲಿ ಕಾಮಿ ಹತ್ತಿದಳು, ಕೇಣಿಯವಳೇ, ಖಾಲಿ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಪಕ್ಕಕ್ಕೇ ಕೂತಳು. ಯಾವ ದೇಶ, ಅಲ್ಲಿ ಮೀನು ಸಿಗ್ತದಾ, ಚಳಿಯಂತೆ ಹೌದಾ, ಎಂದೆಲ್ಲ ಕೇಳಿದಳು. ಬಸ್ಸಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಕಿಶನ ಇದ್ದಿದ್ರೆ ಏರ್‌ಪೋರ್ಟಿಗೆ ಅಂವನೇ ಬಿಟ್ಟು ಬರ್ತಿದ್ದ, ಅಲ್ವನೇ?" ಎಂದಳು ಕಾಮಿ, ಮರುಕದಿಂದಲೇ. ಪ್ರಗತಿ ಹೂಂ ಎಂದಳು. ಕಾಮಿ ದನಿ ತಗ್ಗಿಸಿದಳು. "ನಿಮ್ಮಾಯಿ ಇನ್ನೂ ದಿನಾ ದಂಡೆಗೆ ಹೋಗಿ ನಿಲ್ತಾಳೆ. ನಿನ್ಗೆ ಗೊತ್ತದೋ ಇಲ್ವೋ. ಮುಖ ನೋಡ್ದೇ ಕಳ್ಸಿದ್ರೆ ಹಾಗೇ ಮಗಾ, ಮನಸ್ಸು ಒಪ್ಪೂದಿಲ್ಲ." ಹಟ್ಟಿಕೇರಿ ಬಂದು ಯಾರೋ ಇಳಿದರು, ಯಾರೋ ಹತ್ತಿದರು. ಪ್ರಗತಿ ಮೊಬೈಲು ತೆಗೆದು ಏನೂ ಇಲ್ಲದ ಪರದೆಯನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತ ಕೂತಳು. ಕಾಮಿಗೆ ಏನೂ ಗೊತ್ತಿಲ್ಲ, ಗೊತ್ತಿದ್ದು ಹೇಳಿದ್ದಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ಬುಟ್ಟಿಯಿಂದ ಬರುವ ಮೀನಿನ ವಾಸನೆಗೆ ಮುಂದಿನ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡಳು. ತನಗೂ ಒಂದು ಕ್ಷಣ ಕಾಮಿಯಿಂದ ತುಸು ಸರಿದು ಕೂರಬೇಕೆನಿಸಿತ್ತು ಎಂಬುದು ಪ್ರಗತಿಯನ್ನು ಇನ್ನಷ್ಟು ಕುಗ್ಗಿಸಿತು.

ಮನೆಗೆ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ನಾಗಿ ಜಗಲಿಯಲ್ಲಿ ಕೂತು ಸಂಜೆಯ ಸಾರಿಗೆ ಬಂಗಡೆ ಹೆಚ್ಚುತ್ತಿದ್ದಳು. ಒಳಗೆ ಅರ್ಧ ತುಂಬಿದ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಒಣಸೀಗಡಿಯ ಪೊಟ್ಟಣವನ್ನು ಮಗಳು ತೆಗೆದು ಹೊರಗಿಟ್ಟಷ್ಟೂ ಸಲ ನಾಗಿ ಅದನ್ನು ಮತ್ತೆ ಸೀರೆಗಳ ಅಡಿಗೆ ತುರುಕಿದ್ದಳು. ಪ್ರಗತಿ ಕೈಕಾಲು ತೊಳೆದು ಬಂದು ಪುಸ್ತಕ ಬಿಚ್ಚಿಕೊಂಡು ಕೂತಳು. ಆ ಪುಟ ತೆರೆಯಲಿಲ್ಲ. ಬೇರೆ ಯಾವುದನ್ನಾದರೂ ನೋಡೋಣವೆಂದು ನಡುವಿನಲ್ಲಿ ತೆರೆದರೆ ಅಲ್ಲಿ ಕಲ್ಲಿನಲ್ಲಿ ಕಡೆದ ತಾಯಿ, ಅವಳ ತೊಡೆಯ ಮೇಲೆ ಸತ್ತ ಮಗ. ಪುಟ ತಿರುಗಿಸುವಷ್ಟರಲ್ಲಿ ನಾಗಿ ಕತ್ತು ಚಾಚಿದ್ದಳು.

"ಇವ್ಳು ಯಾರೇ?"

"ಮರಿಯಮ್ಮ. ಯೇಸುವಿನ ಆಯಿ."

"ಅಂವ ಮಗನಾ? ಸತ್ತದ್ದಾ?"

"ಹೂಂ."

ನಾಗಿ ಕೈಯಲ್ಲಿದ್ದ ಬಂಗಡೆಯನ್ನು ಕೆಳಗಿಟ್ಟು, ನೀರಲ್ಲಿ ಕೈಯದ್ದಿ, ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು. ಪ್ರಗತಿಗೆ ಪುಸ್ತಕ ಮುಚ್ಚುವ ಧೈರ್ಯವೂ ಆಗಲಿಲ್ಲ, ಹಿಡಿದುಕೊಂಡಿರುವುದಕ್ಕೂ ಆಗಲಿಲ್ಲ. ಬೇಲಿಯಾಚೆ ಯಾರೋ ಬೈಕು ಶುರುಮಾಡಲು ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ.

"ಇಷ್ಟು ದೊಡ್ಡ ಮಗನ್ನ ಪೂರ್ತಿ ತೊಡೆ ಮೇಲೆ ಹೆಂಗೆ ಮಲಗಿಸ್ಕಂಡಳೇ?" ಎಂದಳು ನಾಗಿ. "ತೂಕ ಆಗೂದಿಲ್ವಾ? ನನ್ಗೆ ಕಾಲೇ ಹೊರೂಕೆ ಆಗ್ಲಿಲ್ಲ."

ಪ್ರಗತಿ ಪುಸ್ತಕದಿಂದ ತಲೆಯೆತ್ತಲಿಲ್ಲ. ಕಲ್ಲಿನ ತಾಯಿಯ ಸೆರಗಿನ ಮಡಿಕೆಗಳು ಅವಳ ಕಣ್ಣೆದುರು ಒಂದರೊಳಗೊಂದು ಹೋಗುತ್ತಿದ್ದವು. "ಕಾಲು?" ಎಂದಳು, ತನಗೇ ಕೇಳಿಸದಷ್ಟು ಸಣ್ಣಗೆ.

"ಮತ್ತೆಂತ? ತಲೆ ಯಾವ್ದು, ಕಾಲ್ಯಾವ್ದು, ಹೆತ್ತವಳಿಗೆ ತಿಳಿಯೂದಿಲ್ವಾ? ಬೆರಳು ಕೈಗೆ ಸಿಕ್ತು, ಆ ಹತ್ಕಂಡ ಬೆರಳು. ಬಟ್ಟೆ ಮೇಲಿಂದ್ಲೇ."

"ಆಯಿ, ನಿನ್ಗೆ ಗೊತ್ತಿತ್ತಾ?"

"ನೀ ನೋಡ್ಬೇಡ ಅಂದೆ. ಪೊಲೀಸ್ರು ಅಂದೆ, ಎಂತದೋ ಅಂದೆ. ನಿನ್ನ ಮುಖ ನೋಡ್ದೆ ನಾ. ತಲೆ ಬದಿಗೆ ಹೋದ್ರೆ ನನ್ನ ಕೈ ಸುಮ್ನಿರೂದಿಲ್ಲ, ಬಿಚ್ಚಿಬಿಡ್ತದೆ ಅಂತ ಕಾಲ ಬದಿಗೆ ಹೋದೆ." ನಾಗಿ ಮೆಟ್ಟಿಲ ಮೇಲೆ ಕೂತಳು. "ನೀ ನೋಡಿದ್ಯಲ್ಲ, ಅಷ್ಟಾಯ್ತು ಅಂದ್ಕಂಡೆ. ಇಬ್ರೂ ನೋಡೂದೆಂತಕ್ಕೆ. ಒಬ್ರು ನೋಡಿದ್ರೆ ಆಯ್ತಲ್ಲ."

ಎರಡು ವರ್ಷ ಹೊತ್ತುಕೊಂಡು ತಿರುಗಿದ ಹೊರೆ ಇಷ್ಟು ಸಲೀಸಾಗಿ ಕೆಳಗಿಳಿದರೆ ಮನುಷ್ಯರಿಗೆ ಹಗುರವಾಗಬೇಕು. ಪ್ರಗತಿಗೆ ಹಾಗಾಗಲಿಲ್ಲ. ತಾಯಿ ಮೋಸಹೋದಳೆಂದು ತಿಳಿದು ತಾನು ಬೆಂದದ್ದು ಸುಳ್ಳಾಯಿತು; ಅದರ ಅಡಿಯಲ್ಲಿ ಅಡಗಿದ್ದದ್ದು ಈಗ ಮೇಲೆದ್ದು ಬಂತು. ನೀ ನೋಡಿದ್ಯಲ್ಲ. ಇವಳು ದಂಡೆಯಲ್ಲಿ ನಿಂತು ದಿನವೂ ಸಮಾಧಾನ ಮಾಡಿಕೊಂಡದ್ದು ಅದೊಂದರ ಮೇಲೆ: ನನ್ನ ಮಗಳು ನೋಡಿದಾಳೆ. ಮುಂದಿನ ಪ್ರಶ್ನೆ ಬರುತ್ತದೆ ಎಂದು ಅವಳ ಮೈಗೆ ಮೊದಲೇ ತಿಳಿಯಿತು. ವಾರ್ಡಿನಲ್ಲಿ ಕೆಲವು ರೋಗಿಗಳ ಉಸಿರು ಕೇಳಿದೊಡನೆ ಮುಂದಿನದು ತಿಳಿಯುವ ಹಾಗೆ.

"ಭಾನುವಾರ ಹೋಗ್ತೆ ನೀನು. ಮತ್ತೆ ಯಾವಾಗ್ಲೋ. ಅದ್ಕೇ ಕೇಳ್ತೆ." ನಾಗಿ ಅಂಗಳದ ಕಡೆ ನೋಡುತ್ತಿದ್ದಳು. "ಹೆಂಗಿತ್ತೇ ಅಂವನ ಮುಖ?"

ನೋಡಲಿಲ್ಲ ಆಯಿ, ಎನ್ನಬೇಕು. ಎರಡೇ ಮಾತು. ಅದನ್ನಾಡಿದರೆ ಕಿಶನನ ಮುಖವನ್ನು ಭೂಮಿಯ ಮೇಲೆ ಅವನವರು ಯಾರೂ ನೋಡಲಿಲ್ಲ ಎಂದಾಗುತ್ತದೆ, ನೋಡಿದ್ದು ಶವಾಗಾರದ ಆ ಕೆಲಸದವನೊಬ್ಬ. ಆಡದಿದ್ದರೆ? ಪ್ರಗತಿಯ ಕಣ್ಣು ಪುಸ್ತಕದ ಮೇಲೇ ಇತ್ತು. ಕಲ್ಲಿನ ಮಗನ ತಲೆ ತಾಯಿಯ ತೋಳಿನ ಮೇಲೆ ಹಿಂದಕ್ಕೆ ವಾಲಿತ್ತು, ಗಡ್ಡದ ಕೆಳಗೆ ಕತ್ತು ತೆರೆದುಕೊಂಡಿತ್ತು, ಬಾಯಿ ತುಸು ಬಿಟ್ಟಿತ್ತು. ಅವಳ ನಾಲಿಗೆ ತಾನಾಗಿ ಅಲುಗಿತು.

"ಶಾಂತ ಇತ್ತು ಆಯಿ" ಎಂದಳು. "ನಿದ್ದೆ ಮಾಡ್ದ ಹಾಗೆ. ಕಣ್ಣು ಪೂರ್ತಿ ಮುಚ್ಚಿತ್ತು. ಬಾಯಿ ಚೂರು ಬಿಟ್ಟಿತ್ತು, ಎಂತೋ ಹೇಳೂಕೆ ಹೊಂಟಂಗೆ. ತಲೆ ಚೂರು ಈ ಬದಿಗೆ ವಾಲಿತ್ತು. ಕೆನ್ನೆ ಮೇಲೆ ಎಂತ ಗಾಯವೂ ಇರ್ಲಿಲ್ಲ. ಬೆಳಕು ಬಿದ್ದಿತ್ತು..." ಬೆಳಕು ಎಂದ ಕೂಡಲೇ ಅವಳಿಗೆ ತಾನು ಪಾಠ ಒಪ್ಪಿಸುತ್ತಿದ್ದೇನೆಂದು ತಿಳಿಯಿತು. ಎಡದಿಂದ ಶುರುಮಾಡಬೇಕು, ಬೆಳಕು ಎಲ್ಲಿಂದ ಬರುತ್ತದೆ ಹೇಳಬೇಕು, ಆಮೇಲೆ ಕೈ, ಆಮೇಲೆ ಬಟ್ಟೆ. ನಾಲಿಗೆ ನಿಂತಿತು.

ಬೈಕು ಕೊನೆಗೂ ಶುರುವಾಗಿ ದೂರ ಹೋಯಿತು.

"ನಮ್ಮಪ್ಪ ನೀರಿಗೆ ಹೋದಾಗ ನಾ ಇಷ್ಟು ಇದ್ದೆ" ಎಂದಳು ನಾಗಿ, ಅಂಗೈಯನ್ನು ಮೆಟ್ಟಿಲಿನ ಮೇಲೆ ಸ್ವಲ್ಪ ಎತ್ತರಕ್ಕೆ ಹಿಡಿದು. "ಎರಡ್ನೇ ದಿನಕ್ಕೆ ಸಿಕ್ದ. ದೊಡ್ಡವ್ರು ಬೇಡ ಬೇಡ ಅಂದ್ರೂ ನುಗ್ಗಿ ಹೋಗಿ ನೋಡ್ದೆ. ನೀರಲ್ಲಿದ್ದ ಮುಖ ನಿದ್ದೆ ಮಾಡ್ದಂಗೆ ಇರೂದಿಲ್ಲ ಮಗಾ. ಮೀನು ಬಿಡೂದಿಲ್ಲ. ಈಗ್ಲೂ ಅಪ್ಪ ಅಂದ್ರೆ ನನ್ಗೆ ಅದೇ ಬರ್ತದೆ, ಅಂವ ಹೊತ್ಕಂಡು ತಿರುಗಿದ್ದು, ಬೆಲ್ಲ ಕೊಟ್ಟದ್ದು ಒಂದೂ ಬರೂದಿಲ್ಲ. ಅದ್ಕೇ ನೀ ಬೇಡ ಅಂದಾಗ ಸುಮ್ನಾದೆ ನಾ."

ಪ್ರಗತಿ ತಾಯಿಯ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ ಎನ್ನುವಂತಿರಲಿಲ್ಲ. ಇತ್ತು, ದವಡೆಯ ಎಲುಬಿನಲ್ಲಿ, ಬಿಗಿದ ತುಟಿಯ ಕೊನೆಯಲ್ಲಿ. ಬೈದರೆ ಸಾಕು, ಎಂದುಕೊಂಡಳು. ನರ್ಸಂತೆ ನರ್ಸು, ಊರವರದ್ದೆಲ್ಲ ತೊಳೀತೆ, ಪರದೇಶದ ಮುದುಕಿಯರ ಮುಖ ಒರೆಸೂಕೆ ಹೊಂಟಿ, ನಿನ್ನಣ್ಣನ ಮುಖ ನೋಡೂಕೆ ಆಗ್ಲಿಲ್ವಾ ನಿನ್ಗೆ. ಎಲ್ಲ ಮಾತುಗಳನ್ನೂ ತಾನೇ ತಾಯಿಯ ಬಾಯಲ್ಲಿ ಇಟ್ಟು ಕಾದಳು.

"ನೋಡ್ಲಿಲ್ಲ ನೀನು" ಎಂದಳು ನಾಗಿ.

ಪ್ರಗತಿ ತಲೆಯಾಡಿಸಿದಳು.

"ಒಂಚೂರೂ?"

"ಕಾಲು ನೋಡ್ದೆ. ಅಷ್ಟೇ."

ನಾಗಿ ಎದ್ದಳು. ಜಗಲಿಯ ತುದಿಯ ತನಕ ಹೋದಳು, ಬೆನ್ನು ಹಾಕಿ ನಿಂತಳು. ಇನ್ನು ದಂಡೆಗೆ ಹೊರಡುತ್ತಾಳೆ ಎಂದು ಪ್ರಗತಿಗೆ ಅನ್ನಿಸಿತು. ಬೆನ್ನಿನ ಮೇಲೆ ರವಿಕೆ ಬೆವರಿಗೆ ಅಂಟಿ ಕೂತಿತ್ತು, ಭುಜಗಳು ಒಮ್ಮೆ ಮೇಲೇರಿ ಇಳಿದವು. ಮಾಡಿನ ಮೇಲೆ ಕೂತ ಕಾಗೆ ಮೀನಿನ ಕಡೆ ಕಣ್ಣಿಟ್ಟು ಕಾಲು ಬದಲಿಸಿತು. ನಾಗಿ ತಿರುಗದೆಯೇ ಕೈಬೀಸಿ ಅದನ್ನೋಡಿಸಿದಳು. ಆಮೇಲೆ ಮರಳಿ ಬಂದು, ಮೀನಿನ ಬುಟ್ಟಿಯನ್ನು ಒಳಗಿಟ್ಟು ಬಾಗಿಲು ಮುಂದೆ ಮಾಡಿ, ಪ್ರಗತಿಯ ಎದುರಿಗೆ ನೆಲದ ಮೇಲೇ ಕಾಲು ಚಾಚಿ ಕೂತಳು. ಪುಸ್ತಕವನ್ನು ತಾನೇ ಮುಚ್ಚಿ ಗೋಡೆಯ ಕಡೆಗೆ ಸರಿಸಿದಳು.

"ಹೇಳು" ಎಂದಳು.

"ಎಂತ ಹೇಳೂದು ಆಯಿ?"

"ಹೆಂಗಿತ್ತು ಅಂತ. ಇದ್ರಲ್ಲಿದ್ದದ್ದು ಬೇಡ. ಅಂವಂದು ಹೇಳು. ಫೋಟೋ ನೋಡಿ ನೋಡಿ ನನ್ಗೆ ಆ ಫೋಟೋ ಬಿಟ್ಟು ಬೇರೆ ಬರೂದೇ ಇಲ್ಲ ಈಗ."

ಪ್ರಗತಿ ಹುಡುಕಿದಳು. ಕೊನೆಯ ಸಲ ಕಿಶನ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟಾಗ ಅವಳು ಬೈಕಿನ ಹಿಂದೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು, ಇಳಿದು ಹೋಗುವಾಗಲೂ ತಿರುಗಿ ನೋಡಿರಲಿಲ್ಲ. ಅದಕ್ಕೂ ಹಿಂದೆ, ಹಬ್ಬದಲ್ಲಿ, ಎಲ್ಲರ ನಡುವೆ ಒಬ್ಬನಾಗಿ, ತಟ್ಟೆಯ ಮೇಲೆ ಬಾಗಿದ ತಲೆಯಾಗಿ. ಎಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇಷ್ಟೇನಾ ಎಂದು ದಿಗಿಲಾಯಿತು. ಆಗ ಎಲ್ಲಿಂದಲೋ ಬಂತು: ಊರಿಗೆಲ್ಲ ಕಣ್ಣುಬೇನೆ ಬಂದ ವರ್ಷ. ಅವಳು ಆಗಿನ್ನೂ ನರ್ಸಿಂಗ್ ಓದುತ್ತಿದ್ದಳು. ಅವನು ಇದೇ ಜಗಲಿಯಲ್ಲಿ ಮಲಗಿ ತಲೆಯನ್ನು ಅವಳ ತೊಡೆಯ ಮೇಲಿಟ್ಟಿದ್ದ, ಅವಳು ರೆಪ್ಪೆಯನ್ನು ಎರಡು ಬೆರಳಿನಿಂದ ಬಿಡಿಸಿ ಹನಿ ಹಾಕುತ್ತಿದ್ದಳು, ಅವನು ನಿಧಾನ ಮಾರಾಯ್ತಿ, ಕಣ್ಣೇ ಕಿತ್ತು ಕೈಗೆ ಕೊಡ್ಬೇಡ, ಎಂದು ಗೊಣಗುತ್ತಿದ್ದ. ದಿನಕ್ಕೆ ಎಷ್ಟೋ ಸಲ, ವಾರವಿಡೀ. ಆ ಮುಖವನ್ನು ಅವಳು ಅಷ್ಟು ಹತ್ತಿರದಿಂದ, ತಲೆಕೆಳಗಾಗಿ, ಬೇಸರವಾಗುವಷ್ಟು ನೋಡಿದ್ದಳು.

"ಹಣೆ ಮೇಲೆ ಎಡಕ್ಕೆ ಒಂದು ಸಣ್ಣ ಗುಳಿ ಇತ್ತು" ಎಂದಳು. "ಸಿಡುಬು ಬಂದಾಗಿಂದು."

"ಸಿಡುಬಲ್ಲ. ಸೀತಾಳೆದು. ನಾಲ್ಕು ವರ್ಷದಂವ ಆಗ" ಎಂದಳು ನಾಗಿ. ಕಣ್ಣು ಮುಚ್ಚಿಕೊಂಡಿದ್ದಳು. "ಹೂಂ. ಮುಂದೆ?"

"ಹುಬ್ಬು ಎರಡೂ ಕೂಡ್ತಿದ್ವು. ಬಲದ್ದು ಚೂರು ದಪ್ಪ. ರೆಪ್ಪೆ ಉದ್ದ, ಹೆಣ್ಮಕ್ಕಳಂಗೆ. ಮೂಗಿನ ಮೇಲೆ ಬಿಸಿಲಿಗೆ ಸಿಪ್ಪೆ ಏಳ್ತಿತ್ತು."

ನಾಗಿ ತಡೆಯಲಿಲ್ಲ. ಇದೆಲ್ಲ ಯಾವಾಗ ನೋಡಿದ್ದು ಎಂದು ಕೇಳಲಿಲ್ಲ. ಪ್ರಗತಿ ಹೇಳುತ್ತ ಹೋದಳು, ಆತುರಪಡದೆ, ಒಂದನ್ನೂ ಬಿಡದೆ. ತುಟಿ ಆಯಿತು, ಗದ್ದ ಆಯಿತು. ಮರೆತದ್ದು ಬಂದಾಗ ಮರೆತಿದ್ದೇನೆ ಎಂದಳು, ಆಗ ನಾಗಿ ಅದನ್ನು ತುಂಬಿದಳು. ಬಿಸಿಲು ಅಂಗಳ ಬಿಟ್ಟು ಬೇಲಿಗೆ ಹತ್ತಿತ್ತು. ಕಿವಿಗೆ ಬರುವಾಗ ಇಬ್ಬರೂ ಏಕಕಾಲಕ್ಕೆ ಬೇರೆಬೇರೆ ಹೇಳಿದರು. ಕಡುಕು ಹಾಕಿಸಲು ಚುಚ್ಚಿದ ತೂತು ಎಡಗಿವಿಯಲ್ಲೋ ಬಲಗಿವಿಯಲ್ಲೋ ಎಂದು ಅಲ್ಲಿ ಸ್ವಲ್ಪ ಹೊತ್ತು ಜಗಳವಾಯಿತು.